ಶೆಟ್ಟರ ಬಿಂಬುಳಿ ರಸ

ನಾರಾವಿಯ ಅಣ್ಣು ಶೆಟ್ಟರು ಕೆಲಸಕ್ಕೆ ಬಂದವರಿಗೆ ನೀರು ಕೊಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ನೀರು ಕೊಡುತ್ತಿದ್ದರು. ಕುಡಿದ ನೀರನ್ನು ಹೊಯ್ಯಲು ಜಾಗ ಕೊಡುತ್ತಿರಲಿಲ್ಲ, ಅಷ್ಟೆ.

ನನ್ನ ಅಣ್ಣ ಶೋಧನ್ ಮಾರ್ಚ್ ತಿಂಗಳಲ್ಲಿ ಅವರ ತಾರಸಿಗೆ ಶೀಟು ಹಾಕುವ ಕೆಲಸಕ್ಕೆ ಹೋಗುತ್ತಿದ್ದ. ನಮ್ಮ ಕಡೆ ಕಾಂಕ್ರೀಟು ಮನೆ ಕಟ್ಟಿದವರಿಗೆ ಐದನೆಯ ಮಳೆಗಾಲಕ್ಕೆ ಬುದ್ಧಿ ಬರುತ್ತದೆ. ತಾರಸಿ ಸೋರುತ್ತದೆ. ಆಗ ಅದರ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸುತ್ತಾರೆ. ಗ್ರಾನೈಟು, ಕೆತ್ತನೆಯ ಬಾಗಿಲು ಎಲ್ಲ ಇರುವ ಮನೆಗೆ ಕೊನೆಗೆ ಕೋಳಿಗೂಡಿನ ಮಾಡು. ಈ ಬುದ್ಧಿ ಎಲ್ಲರಿಗೂ ಒಟ್ಟಿಗೆ ಬರುತ್ತದೆ, ಅದೂ ಬಿಸಿಲು ನೆತ್ತಿ ಸುಡಲು ಶುರುವಾದ ಮೇಲೆ. ಡಿಸೆಂಬರಿನಲ್ಲಿ ಯಾರಿಗೂ ಮಳೆಯ ನೆನಪಿರುವುದಿಲ್ಲ.

ಕೆಲಸ ಹಿಡಿದವನು ನಿಝಾಮುದ್ದೀನ್. ಸೌದಿಯ ದಮ್ಮಾಮಿನಲ್ಲಿ ಹನ್ನೊಂದು ವರ್ಷ ವೆಲ್ಡಿಂಗ್ ಮಾಡಿ ಬಂದು ಪಾಣೆಮಂಗಳೂರಿನಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾನೆ. ಅವನ ಕೆಳಗೆ ಇಬ್ಬರು. ವೆಲ್ಡಿಂಗಿಗೆ ನನ್ನ ಅಣ್ಣ, ಎತ್ತುವುದಕ್ಕೆ ಹಿಡಿಯುವುದಕ್ಕೆ ತುಕ್ರಪ್ಪ. ತುಕ್ರಪ್ಪನಿಗೆ ಐವತ್ತೈದು ದಾಟಿದೆ, ಬಾಯಿಯಲ್ಲಿ ಹಲ್ಲು ಎಣಿಸಿದಷ್ಟು. ಬೆಳಿಗ್ಗೆ ಆರಕ್ಕೆ ನಿಝಾಮುದ್ದೀನನ ಪಿಕಪ್ ಸಿದ್ದಕಟ್ಟೆಯಲ್ಲಿ ಅಣ್ಣನನ್ನು ಹತ್ತಿಸಿಕೊಂಡು ನಾರಾವಿಗೆ ಹೋಗುತ್ತಿತ್ತು.

ಶೆಟ್ಟರ ಮನೆಯಲ್ಲಿ ನಾಲ್ಕು ಬಚ್ಚಲುಮನೆ ಉಂಟು. ಕೆಲಸದವರಿಗೆ ಒಂದೂ ಇಲ್ಲ. ಮೊದಲ ದಿನ ತುಕ್ರಪ್ಪ ಕಂಪೌಂಡಿನ ಮೂಲೆಗೆ ಹೋಗಿ ನಿಂತ. ಗೋಡೆಯ ಮೇಲಿನ ಕ್ಯಾಮರಾ ಮಾತಾಡಿತು.

"ಹೋ, ಅಲ್ಲಿ ಮಾಡ್ಬೇಡ! ಅಲ್ಲಿ ತುಳಸಿ ಉಂಟು!"

ಶೆಟ್ಟರು ಒಳಗೆ ಸೋಫಾದಲ್ಲಿ ಕುಳಿತು ಮೊಬೈಲಿನಲ್ಲಿ ಅಂಗಳ ನೋಡುತ್ತಿದ್ದರು. ಮಗ ದುಬೈನಿಂದ ಕಳಿಸಿದ ಕ್ಯಾಮರಾ. ಆರು ಕಡೆ ಇಟ್ಟಿದ್ದಾರೆ. ಅದರಲ್ಲಿ ಮಾತಾಡಲಿಕ್ಕೂ ಆಗುತ್ತದೆ ಎಂದು ತುಕ್ರಪ್ಪನಿಗೆ ಗೊತ್ತಿರಲಿಲ್ಲ. ಅವನು ದೇವರೇ ಗದರಿಸಿದ್ದು ಎಂದುಕೊಂಡು ಅರ್ಧದಲ್ಲೇ ನಿಲ್ಲಿಸಿ ಓಡಿದನಂತೆ. ಕ್ಯಾಮರಾ ಕಾಣದ ಜಾಗ ಎಂದರೆ ರಬ್ಬರ್ ತೋಟದ ಆಚೆ. ಏಣಿ ಇಳಿದು, ಅಲ್ಲಿಯವರೆಗೆ ನಡೆದು, ವಾಪಸು ಬಂದು, ಏಣಿ ಹತ್ತಬೇಕು. ಕಾಲು ಗಂಟೆ. ಈ ಕಾಲು ಗಂಟೆಯನ್ನೂ ಶೆಟ್ಟರು ಮೊಬೈಲಿನಲ್ಲಿ ನೋಡುತ್ತಿದ್ದರು.

ಅಣ್ಣ ಉಪಾಯ ಕಂಡುಹಿಡಿದ. ನೀರು ಕುಡಿಯುವುದನ್ನೇ ಬಿಟ್ಟ. ಸುಡುವ ತಾರಸಿಯ ಮೇಲೆ, ಉದ್ದ ತೋಳಿನ ಅಂಗಿ ಹಾಕಿ, ಮುಖಕ್ಕೆ ವೆಲ್ಡಿಂಗ್ ಶೀಲ್ಡು ಹಿಡಿದು, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಲೋಟ ನೀರು. ಅದನ್ನು ಮನೆಗೆ ಬಂದು ಹೆಮ್ಮೆಯಿಂದ ಹೇಳುತ್ತಿದ್ದ. "ನಾನು ಒಮ್ಮೆ ಹತ್ತಿದ್ರೆ ಇಳಿಯುದಿಲ್ಲ."

ನಿಝಾಮುದ್ದೀನನಿಗೆ ರಂಜಾನಿನ ಉಪವಾಸ. ಅವನು ಹನ್ನೊಂದೂವರೆಗೆ ಕೆಲಸ ನಿಲ್ಲಿಸಿ ಪಿಕಪ್ಪಿನ ನೆರಳಲ್ಲಿ ಮಲಗುತ್ತಿದ್ದ. ಇವರಿಬ್ಬರನ್ನೂ ಕರೆದ.

"ಇಳೀರಿ ಮಾರಾಯ್ರೆ. ಸೌದಿಯಲ್ಲಿ ಬೇಸಿಗೆಗೆ ಮೂರು ತಿಂಗಳು ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಹೊರಗೆ ಕೆಲಸ ಮಾಡಿಸಿದ್ರೆ ಕಂಪೆನಿಗೆ ದಂಡ. ಅರಬಿಗೆ ಇರುವ ಬುದ್ಧಿ ನಿಮಗೆ ಬೇಡ್ವಾ?"

ಕೆಳಗಿನಿಂದ ಶೆಟ್ಟರು ಕೂಗಿದರು. "ಉಪವಾಸ ನಿನ್ನದಲ್ವಾ ನಿಝಾಮು, ಅವರದ್ದಲ್ಲವಲ್ಲ? ಅವರು ಮಾಡ್ಲಿ."

ತುಕ್ರಪ್ಪ ಇಳಿದ. ಅಣ್ಣ ಇಳಿಯಲಿಲ್ಲ. ಕೆಲಸಗಾರ ಎನಿಸಿಕೊಳ್ಳುವ ಹುಚ್ಚು ಅವನಿಗೆ.

ನಾಲ್ಕನೆಯ ದಿನಕ್ಕೆ ಉರಿಮೂತ್ರ ಶುರುವಾಯಿತು. ಹೋದ ವರ್ಷವೂ ಆಗಿತ್ತು, ಆಗ ಸಣ್ಣ ಕಲ್ಲೊಂದು ಕಂಡಿತ್ತು. ನಾನು ಮೂಡುಬಿದಿರೆಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ದಿನಕ್ಕೆ ನಲವತ್ತು ಜನರ ಮೂತ್ರ ನೋಡುತ್ತೇನೆ. ನನಗೆ ಹೇಳಿದ್ದರೆ ಮೂರು ಲೀಟರ್ ನೀರು ಕುಡಿ ಎನ್ನುತ್ತಿದ್ದೆ. ಅದು ತೀರಾ ಸಾಧಾರಣ ಮದ್ದು, ಅದಕ್ಕೆ ಮರ್ಯಾದೆ ಇಲ್ಲ. ಅವನು ಶೆಟ್ಟರಿಗೆ ಹೇಳಿದ.

ಅಣ್ಣು ಶೆಟ್ಟರು ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿದವರು. ಸೋಡಾ ಹಾಕಿದ ಇಡ್ಲಿ, ಮೂರು ಸಲ ಕಾಯಿಸಿದ ಎಣ್ಣೆಯ ವಡೆ ಮಾರಿ ಮಾರಿ ಕೊನೆಗೆ ಊರಿಗೆ ಬಂದು ಆರೋಗ್ಯದ ಮಾತು ಆಡಲು ಕುಳಿತಿದ್ದಾರೆ. 'ನಾರಾವಿ ಮನೆಮದ್ದು' ಎಂಬ ವಾಟ್ಸಾಪ್ ಗುಂಪು ಅವರದು. ನಾನ್ನೂರಕ್ಕೂ ಹೆಚ್ಚು ಜನ. ಬೆಳಿಗ್ಗೆ ಆರಕ್ಕೆ ಅವರ ಧ್ವನಿ ಬರುತ್ತದೆ. ಎಲ್ಲ ಕಾಯಿಲೆಗೂ ಒಂದೇ ಕಾರಣ, ಉಷ್ಣ. ಈ ವರ್ಷ ಉಷ್ಣಕ್ಕೆ ಮದ್ದು ಬಿಂಬುಳಿ.

ಬಿಂಬುಳಿ ಗೊತ್ತಲ್ಲ, ಕಾಂಡಕ್ಕೇ ಅಂಟಿಕೊಂಡು ಗೊಂಚಲಾಗಿ ಬಿಡುವ ಹಸಿರು ಕಾಯಿ. ಒಂದು ಕಚ್ಚಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಮೀನಿನ ಸಾರಿಗೆ ನಾಲ್ಕು ಹಾಕುತ್ತೇವೆ, ಉಪ್ಪಿನಕಾಯಿ ಹಾಕುತ್ತೇವೆ. ಶೆಟ್ಟರ ಮನೆಯ ಹಿಂದೆ ಎರಡು ಮರ. ಬುಡದಲ್ಲಿ ಬಿದ್ದು ಕೊಳೆಯುವಷ್ಟು ಕಾಯಿ. ಅವರು ಅದನ್ನು ಮಿಕ್ಸಿಗೆ ಹಾಕಿ, ಹಿಂಡಿ, ಸ್ಟೀಲಿನ ಚೆಂಬಿನಲ್ಲಿ ತುಂಬಿ ಬೆಳಿಗ್ಗೆ ಕೆಲಸದವರ ಮುಂದೆ ಇಡತೊಡಗಿದರು. ಮೊದಲು ಬೆಳಿಗ್ಗೆ ಚಹಾ, ಅವಲಕ್ಕಿ ಇತ್ತು. ಅದು ನಿಂತಿತು.

"ಚಾ ಉಷ್ಣ," ಎಂದರು ಶೆಟ್ಟರು. "ಖಾಲಿ ಹೊಟ್ಟೆಗೆ ಇದು ಎರಡು ಗ್ಲಾಸು. ನೀರು ಸೇರಿಸ್ಲಿಕ್ಕಿಲ್ಲ. ಒಂದು ಗಂಟೆ ಮೇಲೆ ಕೂಡ ನೀರು ಕುಡೀಲಿಕ್ಕಿಲ್ಲ, ಪವರ್ ಹೋಗ್ತದೆ. ಒಂದು ವಾರದಲ್ಲಿ ನಿನ್ನ ಕಲ್ಲು ಕರಗದಿದ್ರೆ ನನ್ನ ಹೆಸರು ಬದಲಾಯಿಸು."

ನಿಝಾಮುದ್ದೀನ್ ಉಪವಾಸ ಎಂದು ತಪ್ಪಿಸಿಕೊಂಡ. ತುಕ್ರಪ್ಪ ಗ್ಲಾಸು ಹಿಡಿದುಕೊಂಡು ಹಿತ್ತಿಲ ಕಡೆ ಹೋಗಿ ಖಾಲಿ ಗ್ಲಾಸು ತರುತ್ತಿದ್ದ. ಅಣ್ಣ ನಿಂತಲ್ಲೇ ಎರಡು ಗ್ಲಾಸು ಎತ್ತಿ ಕುಡಿಯುತ್ತಿದ್ದ. ಹಾಗೆ ಏಳು ದಿನ.

ಉರಿ ನಿಂತಿತು. ಅಣ್ಣ ಮನೆಯಲ್ಲಿ ಶೆಟ್ಟರನ್ನು ಹೊಗಳಿದ. ಅಮ್ಮ, "ದೊಡ್ಡವರು ಸುಮ್ಮನೆ ಹೇಳ್ತಾರಾ," ಎಂದಳು. ಏಳನೆಯ ದಿನ, ಶನಿವಾರ ರಾತ್ರಿ, ಊಟದ ತಟ್ಟೆಯ ಮುಂದೆ ಕುಳಿತವನು ಎದ್ದು ಹೋಗಿ ವಾಂತಿ ಮಾಡಿದ. ಬಿಕ್ಕಳಿಕೆ ನಿಲ್ಲುತ್ತಿರಲಿಲ್ಲ. ಕಣ್ಣಿನ ಕೆಳಗೆ ಬಾತಿತ್ತು.

"ಮೂತ್ರ ಎಷ್ಟು ಸಲ ಹೋಗ್ತದೆ?" ಕೇಳಿದೆ.

"ನಿನ್ನ ಲ್ಯಾಬ್ ಬುದ್ಧಿ ಮನೆಯಲ್ಲಿ ಬೇಡ."

"ಎಷ್ಟು ಸಲ?"

"ಬೆಳಿಗ್ಗೆ ಒಮ್ಮೆ. ಸ್ವಲ್ಪ. ಆದ್ರೆ ಉರಿ ಇಲ್ಲ ಮಾರಾಯ್ತಿ, ಒಂಚೂರೂ ಇಲ್ಲ."

"ಉರಿಯಲಿಕ್ಕೆ ಮೂತ್ರ ಬೇಕಲ್ಲ ಅಣ್ಣ."

ಅವನು ನಕ್ಕ. ಮೂವತ್ತು ವರ್ಷದ ಗಂಡಸು, ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು, ನಗುತ್ತಿದ್ದ. ನಾನು ಒಳಗಿನಿಂದ ಸಿರಿಂಜು ತಂದು, ಬೈಯುತ್ತಲೇ ಅವನ ರಕ್ತ ತೆಗೆದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಲ್ಯಾಬಿನ ಬಾಗಿಲು ತೆಗೆದು ಮೊದಲು ಅದನ್ನೇ ಹಾಕಿದೆ. ಕ್ರಿಯಾಟಿನಿನ್ ಆರು ಪಾಯಿಂಟ್ ಎಂಟು. ಇರಬೇಕಾದದ್ದು ಒಂದರ ಆಸುಪಾಸು. ಯಂತ್ರ ತಪ್ಪಿರಬೇಕೆಂದು ಮತ್ತೊಮ್ಮೆ ಹಾಕಿದೆ. ಆರು ಪಾಯಿಂಟ್ ಒಂಬತ್ತು. ಪೊಟ್ಯಾಶಿಯಮ್ ಕೂಡ ಏರಿತ್ತು. ಮೇಲಿನ ಮಾಳಿಗೆಯ ಡಾಕ್ಟರು ಚೀಟಿ ನೋಡಿ ಕನ್ನಡಕ ತೆಗೆದರು.

"ಯಾರದ್ದು?"

"ನನ್ನ ಅಣ್ಣಂದು."

"ಕೂಡಲೇ ಮಂಗಳೂರಿಗೆ ಕರ್ಕೊಂಡು ಹೋಗು. ಸಂಜೆ ಅಲ್ಲ, ನಾಳೆ ಅಲ್ಲ. ಕಿಡ್ನಿ ಎರಡೂ ನಿಲ್ತಾ ಉಂಟು. ಪೊಟ್ಯಾಶಿಯಮ್ ಇನ್ನೂ ಏರಿದ್ರೆ ಹೃದಯ ನಿಲ್ತದೆ. ಎಲ್ಲಿದ್ದಾನೆ?"

ನಾರಾವಿಯಲ್ಲಿದ್ದ. ವಾಂತಿ ಮಾಡಿಕೊಂಡೇ ಬೆಳಿಗ್ಗೆ ಪಿಕಪ್ ಹತ್ತಿದ್ದ. ಫೋನ್ ಮಾಡಿದರೆ ಎತ್ತಲಿಲ್ಲ. ನಿಝಾಮುದ್ದೀನನಿಗೆ ಮಾಡಿ ಅವನನ್ನು ಏಣಿಯಿಂದ ಇಳಿಸಿ ಕೂರಿಸಲು ಹೇಳಿ ಸ್ಕೂಟರ್ ಹತ್ತಿದೆ.

ನಾನು ತಲಪುವಾಗ ಒಂಬತ್ತು ದಾಟಿತ್ತು. ಅಣ್ಣ ಶೆಟ್ಟರ ಮನೆಯ ಮುಂದಿನ ಸಿಟೌಟಿನ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಪಕ್ಕದಲ್ಲಿ ಖಾಲಿ ಗ್ಲಾಸು. ಆ ದಿನದ್ದೂ ಕುಡಿದಾಗಿತ್ತು. ನಿಝಾಮುದ್ದೀನ್ ಎದುರು ನಿಂತು ಬೇಡಿಕೊಳ್ಳುತ್ತಿದ್ದ.

"ಬಾ ಮಾರಾಯ, ಗಾಡಿ ಸ್ಟಾರ್ಟಲ್ಲೇ ಉಂಟು."

"ಶೆಟ್ರು ಹೇಳ್ಲಿ," ಎಂದ ಅಣ್ಣ. "ಅವರು ಹೋಗು ಅಂದ್ರೆ ಹೋಗ್ತೇನೆ."

ಶೆಟ್ಟರು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಒದ್ದೆ ಬೈರಾಸು. ಫ್ಯಾನು ಅವರ ಕಡೆಗೇ ತಿರುಗಿತ್ತು. ರಿಪೋರ್ಟು ಕೊಟ್ಟೆ. ಕನ್ನಡಕ ಇಲ್ಲದೆ ದೂರ ಹಿಡಿದು ಓದಿ ಹಿಂದೆ ಕೊಟ್ಟರು.

"ಕ್ರಿಯಾಟಿನಿನ್ ಅಂದ್ರೆ ಎಂತ, ಹೇಳು ನೋಡುವ? ಕಸ. ದೇಹದ ಕಸ. ಬಿಂಬುಳಿ ಆ ಕಸವನ್ನು ಎಬ್ಬಿಸ್ತದೆ. ನೀನು ಮನೆ ಗುಡಿಸುವಾಗ ಧೂಳು ಏಳುದಿಲ್ವಾ?"

"ಗುಡಿಸಿದ್ದು ಹೊರಗೆ ಹೋಗ್ಬೇಕಲ್ಲ ಶೆಟ್ರೇ. ಇವನಿಗೆ ಮೂತ್ರವೇ ಇಲ್ಲ."

"ಬೆವರಲ್ಲಿ ಹೋಗ್ತದೆ."

"ಹೃದಯ ನಿಲ್ಬಹುದು ಅಂತ ಡಾಕ್ಟ್ರು ಹೇಳಿದ್ರು."

"ಹೇಳ್ತಾರೆ. ಹೇಳದಿದ್ರೆ ಅವರ ಹೊಟ್ಟೆ ತುಂಬುದು ಹೇಗೆ? ಇನ್ನು ಮೂರೇ ದಿನ. ಈಗ ಬಿಟ್ರೆ ಏಳು ದಿನದ್ದು ನೀರಲ್ಲಿ ಹೋಮ."

ಅಣ್ಣ ತಲೆಯಾಡಿಸಿದ. ಬಿಕ್ಕಳಿಸುತ್ತಾ ತಲೆಯಾಡಿಸಿದ. ಆ ಹೊತ್ತಿಗೆ ನನಗೆ ಶೆಟ್ಟರಿಗಿಂತ ಅವನ ಕೆನ್ನೆಗೇ ಎರಡು ಬಿಡಬೇಕು ಅನಿಸಿತು. ಡಾಕ್ಟರ ಮಾತಿಗೆ ಪ್ರೂಫು ಕೇಳುತ್ತಾನೆ, ಪಂಚೆ ಉಟ್ಟವನ ಮಾತಿಗೆ ಕೈ ಮುಗಿಯುತ್ತಾನೆ. ವಾದ ಮಾಡಿ ಪ್ರಯೋಜನ ಇರಲಿಲ್ಲ. ಹೊತ್ತೂ ಇರಲಿಲ್ಲ. ಟೀಪಾಯಿಯ ಮೇಲೆ ಚೆಂಬು ಇತ್ತು, ಮುಕ್ಕಾಲು ತುಂಬಿತ್ತು.

"ನೀವೂ ದಿನಾ ಕುಡಿತೀರಾ ಶೆಟ್ರೇ?"

"ಮತ್ತೆ? ಊರಿಗೆ ಬಂದಾಗಿನಿಂದ."

"ಇವತ್ತು?"

"ಬೆಳಿಗ್ಗೆಯೇ ಆಯ್ತು."

ಅಣ್ಣನ ಗ್ಲಾಸಿಗೆ ತುಂಬಿಸಿ ಅವರ ಮುಂದೆ ಹಿಡಿದೆ. "ಇನ್ನೊಂದು ಕುಡೀರಿ. ನನ್ನ ಕಣ್ಣೆದುರು. ಈ ರಿಪೋರ್ಟು ಇಲ್ಲೇ ಹರಿದು ಹಾಕಿ ಹೋಗ್ತೇನೆ."

ಶೆಟ್ಟರು ಗ್ಲಾಸು ತೆಗೆದುಕೊಂಡರು. ತೆಗೆದುಕೊಳ್ಳದೆ ಇರುವ ಹಾಗಿರಲಿಲ್ಲ. ಮೂಗಿನ ಹತ್ತಿರ ತಂದು ಇಳಿಸಿದರು.

"ತಿಂಡಿ ಆಗಿದೆ. ಇದು ಖಾಲಿ ಹೊಟ್ಟೆಗೆ ಮಾತ್ರ."

"ಒಂದು ಗುಟುಕು."

"ಪ್ರಕೃತಿ ಅಂತ ಒಂದು ಉಂಟು ಹುಡುಗಿ. ಅವನದ್ದು ಉಷ್ಣ ಶರೀರ. ನನ್ನದು ಸಮ."

"ಕುಡೀರಿ ಧಣಿ," ಮೆಟ್ಟಿಲ ಕೆಳಗಿನಿಂದ ತುಕ್ರಪ್ಪ ಹೇಳಿದ. "ಹಲ್ಲು ಜುಮ್ ಅಂತದೆ, ಅಷ್ಟೆ."

"ನೋಡು, ತುಕ್ರನೂ ಕುಡಿದಿದ್ದಾನೆ," ಶೆಟ್ಟರಿಗೆ ಜೀವ ಬಂತು. "ಏಳು ದಿನ! ಅವನಿಗೆಂತ ಆಯ್ತು?"

"ನಾನೆಲ್ಲಿ ಕುಡಿದೆ ಧಣಿ?" ತುಕ್ರಪ್ಪ ಬಾಯಿ ಅಗಲಿಸಿದ. "ನನ್ನ ಪಾಲು ಬೋಲ್ಟಿಗೆ ಹೋಯ್ತು."

ಅವನು ಪಿಕಪ್ಪಿನ ಹತ್ತಿರ ಹೋಗಿ ಒಂದು ಪೈಂಟಿನ ಡಬ್ಬಿ ತಂದ. ಒಳಗೆ ಬಿಂಬುಳಿ ರಸ. ರಸದಲ್ಲಿ ಹಳೆಯ ಬೋಲ್ಟುಗಳು. ಎರಡು ತೆಗೆದು ಅಂಗಿಗೆ ಒರೆಸಿ ಅಣ್ಣನ ಅಂಗೈಯಲ್ಲಿ ಇಟ್ಟ. ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿದ್ದವು.

"ತುಕ್ಕು ಎಷ್ಟು ಲಾಯ್ಕ ಬಿಡ್ತದೆ ಗೊತ್ತುಂಟಾ? ಒಂದು ದಿನ ಸಾಕು. ಎರಡು ದಿನ ಬಿಟ್ರೆ ತಿರುಪಿನ ಗೆರೆಯನ್ನೂ ತಿಂತದೆ."

ಅಣ್ಣ ಬೋಲ್ಟನ್ನು ತಿರುಗಿಸಿ ನೋಡಿದ. ಕಬ್ಬಿಣದ ವಿಷಯ ಅವನಿಗೆ ಅರ್ಥವಾಗುತ್ತದೆ.

ಅಷ್ಟರಲ್ಲಿ ಶೆಟ್ಟರ ಹೆಂಡತಿ ಪ್ರೇಮಾವತಿಯಮ್ಮ ಒಳಗಿನಿಂದ ಬಂದರು. ಕೈಯಲ್ಲಿ ತೆಂಗಿನ ನಾರು, ಬೂದಿ ಮೆತ್ತಿದ ಬೆರಳು. ಜಗಳ ನಡೆಯುವುದು ಅವರಿಗೆ ಗೊತ್ತಿರಲಿಲ್ಲ. ಸೀದಾ ಚೆಂಬಿಗೆ ಕೈ ಹಾಕಿದರು.

"ಇದರಲ್ಲಿ ಅರ್ಧ ನನಗೆ ಬೇಕು. ಹಿತ್ತಾಳೆ ಕಾಲುದೀಪ ಉಜ್ಜಲಿಕ್ಕುಂಟು." ಆಮೇಲೆ ಗಂಡನ ಕೈಯಲ್ಲಿದ್ದ ಗ್ಲಾಸು ಕಂಡಿತು. "ಅಯ್ಯೋ, ಅವರ ಕೈಗೆ ಕೊಟ್ಟದ್ದು ಯಾರು? ಅವರಿಗೆ ಗ್ಯಾಸ್ಟ್ರಿಕ್ ಅಲ್ವಾ? ಮೊನ್ನೆ ಸಾರಿಗೆ ಎರಡು ಬಿಂಬುಳಿ ಹಾಕಿದ್ದಕ್ಕೆ ಎದೆ ಹಿಡ್ಕೊಂಡು ಕೂತಿದ್ರು. ಅವರು ಇದನ್ನು ಮುಟ್ಟುದೇ ಇಲ್ಲ."

ಶೆಟ್ಟರು ಗ್ಲಾಸನ್ನು ಟೀಪಾಯಿಯ ಮೇಲೆ, ಬಹಳ ಜಾಗ್ರತೆಯಿಂದ, ಒಂದು ತೊಟ್ಟೂ ಚೆಲ್ಲದ ಹಾಗೆ ಇಟ್ಟರು.

ಅಣ್ಣ ಎದ್ದ. ಎರಡು ಹೆಜ್ಜೆ ಇಟ್ಟು, ತಿರುಗಿ, ಶೆಟ್ಟರ ಇಟಾಲಿಯನ್ ಮಾರ್ಬಲಿನ ಮೇಲೆ ಹಸಿರಾಗಿ ವಾಂತಿ ಮಾಡಿದ. ಬೇಕೆಂದು ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ.

"ಗಾಡಿ ತೆಗೀರಿ ನಿಝಾಮಾಕ," ಎಂದ. ಬೋಲ್ಟು ಕೈಯಲ್ಲೇ ಇತ್ತು.

ಮಂಗಳೂರಿನ ಆಸ್ಪತ್ರೆಯಲ್ಲಿ ಕಿಡ್ನಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬಿಂಬುಳಿಯಾ?" ಆ ಬೇಸಿಗೆಯಲ್ಲಿ ಇವನು ಎರಡನೆಯವನಂತೆ. ಅವರು ಬೈಯಲಿಲ್ಲ, ಬೈದು ಬೈದು ಸುಸ್ತಾದವರ ಹಾಗೆ ಹೇಳಿದರು. ಬಿಸಿಲಲ್ಲಿ ಬೆವರು ಹೋಗುತ್ತದೆ, ನೀರು ಕುಡಿಯದಿದ್ದರೆ ಕಿಡ್ನಿ ಒಣಗುತ್ತದೆ. ಆಗ ಮೂತ್ರ ಗಟ್ಟಿಯಾಗುತ್ತದೆ, ಉರಿಯುತ್ತದೆ, ಕಲ್ಲಾಗುತ್ತದೆ. ಅಷ್ಟಕ್ಕೆ ನೀರು ಸಾಕಿತ್ತು. ಒಣಗಿದ ಕಿಡ್ನಿಗೆ ಗ್ಲಾಸುಗಟ್ಟಲೆ ಈ ಹುಳಿ ಸುರಿದರೆ ಅದರ ಹರಳು ಒಳಗಿನ ಕೂದಲೆಳೆಯಂಥ ನಳಿಕೆಗಳಲ್ಲಿ ಹೋಗಿ ಕೂರುತ್ತದೆ. ಕಟ್ಟಿದ ಚರಂಡಿಯ ಹಾಗೆ.

"ಇನ್ನೆರಡು ದಿನ ತಡ ಆಗಿದ್ರೆ?" ಕೇಳಿದೆ.

"ನೀನು ಲ್ಯಾಬಿನವಳಲ್ವಾ? ನಿನಗೆ ಗೊತ್ತುಂಟಲ್ಲ."

ಕುತ್ತಿಗೆಗೆ ನಳಿಕೆ ಹಾಕಿ ನಾಲ್ಕು ಸಲ ಡಯಾಲಿಸಿಸ್ ಮಾಡಿದರು. ನೋಡಲು ಬಂದ ನೆಂಟರು ಒಬ್ಬರಾದ ಮೇಲೆ ಒಬ್ಬರು ಎಳನೀರು ಹೊತ್ತು ತಂದರು. ಪೊಟ್ಯಾಶಿಯಮ್ ಏರಿ ಮಲಗಿದವನಿಗೆ ಪೊಟ್ಯಾಶಿಯಮ್ ತುಂಬಿದ ಎಳನೀರು! ವಿಷ ತಂದಿದ್ದರೆ ಕನಿಷ್ಠ ಅಷ್ಟು ಭಾರ ಹೊರಬೇಕಾಗಿರಲಿಲ್ಲ. ನರ್ಸು ಬೇಡ ಎಂದಾಗ ದೊಡ್ಡಮ್ಮನಿಗೆ ಸಿಟ್ಟು ಬಂತು. "ಎಳನೀರು ಕೂಡ ಆಗುದಿಲ್ಲ ಅಂತ ಹೇಳುವ ಆಸ್ಪತ್ರೆ ಎಂತ ಆಸ್ಪತ್ರೆ?" ಹನ್ನೊಂದು ಎಳನೀರು ಮಂಚದ ಕೆಳಗೆ ಸಾಲಾಗಿ ನಿಂತವು. ನಿಝಾಮುದ್ದೀನ್ ಮೂರು ಸಂಜೆ ಅದರಲ್ಲೇ ಉಪವಾಸ ಬಿಟ್ಟ.

ಹತ್ತನೆಯ ದಿನ ಅಣ್ಣ ಪ್ಲಾಸ್ಟಿಕ್ ಪಾತ್ರೆಯಲ್ಲಿ ಇನ್ನೂರೈವತ್ತು ಮಿಲಿ ಮೂತ್ರ ಮಾಡಿದ. ನರ್ಸು ಅಳತೆ ಬರೆದುಕೊಂಡಳು. ಅಮ್ಮ ಕೈ ಮುಗಿದಳು, ಪಾತ್ರೆಗೋ ದೇವರಿಗೋ ಹೇಳುವುದು ಕಷ್ಟ.

ಈಗ ಕ್ರಿಯಾಟಿನಿನ್ ಒಂದು ಪಾಯಿಂಟ್ ಎಂಟರಲ್ಲಿ ನಿಂತಿದೆ. ಒಂದಕ್ಕೆ ಇಳಿಯುವುದಿಲ್ಲ. ಪ್ರತಿ ತಿಂಗಳು ನಾನೇ ರಕ್ತ ತೆಗೆಯುತ್ತೇನೆ, ನಾನೇ ಯಂತ್ರಕ್ಕೆ ಹಾಕುತ್ತೇನೆ. ಹೋದದ್ದರಲ್ಲಿ ಸ್ವಲ್ಪ ವಾಪಸು ಬರಲೇ ಇಲ್ಲ.

ಶೆಟ್ಟರ ಗುಂಪಿನಲ್ಲಿ ಧ್ವನಿ ನಿಲ್ಲಲಿಲ್ಲ. ಆ ವಾರ ಅವರು ಹೇಳಿದ್ದು ಇಷ್ಟು. ಕೆಲವರು ವಿಧಿ ತಿಳಿಯದೆ ಬಿಂಬುಳಿ ಕುಡಿದು ಆಸ್ಪತ್ರೆ ಸೇರುತ್ತಾರೆ, ಒಂದು ಚಿಟಿಕೆ ಸೈಂಧವ ಉಪ್ಪು ಹಾಕಲು ಮರೆಯಬಾರದು. ಅದರ ಕೆಳಗೆ ಅರವತ್ತು ಜನ ಕೈ ಮುಗಿದಿದ್ದರು. ಅದರಲ್ಲಿ ನಮ್ಮ ದೊಡ್ಡಮ್ಮ ಕೂಡ.

ನಿಝಾಮುದ್ದೀನ್ ಈಗ ಹೊಸ ಮನೆಗೆ ಕೆಲಸ ನೋಡಲು ಹೋದರೆ ಟೇಪು ಬಿಚ್ಚುವ ಮೊದಲು ಕಕ್ಕುಸು ಎಲ್ಲಿ ಎಂದು ಕೇಳುತ್ತಾನೆ. "ಕೆಲಸದವರಿಗಾ?" ಎಂದು ಮನೆಯವರು ಮುಖ ನೋಡಿಕೊಂಡರೆ ಟೇಪು ಬಿಚ್ಚುವುದೇ ಇಲ್ಲ. ಹನ್ನೆರಡರಿಂದ ಮೂರು ಯಾರೂ ಮೇಲೆ ಹತ್ತುವುದಿಲ್ಲ. ಕೆಲವರು ನಕ್ಕು ಬೇರೆಯವರನ್ನು ಕರೆಸಿಕೊಂಡಿದ್ದಾರೆ. ಬೇರೆಯವರು ಸಿಗುತ್ತಾರೆ, ಅದೇನೂ ಕಷ್ಟವಿಲ್ಲ.

ಶೆಟ್ಟರ ತಾರಸಿ ಮಾತ್ರ ಅರ್ಧಕ್ಕೆ ನಿಂತಿತ್ತು. ಪೈಪು ನಿಂತಿದೆ, ಶೀಟು ಒಂದೇ ಕಡೆ. ಒಬ್ಬರು ಹಿಡಿದ ಕೆಲಸವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಅದು ಈ ಕಸುಬಿನ ಕಟ್ಟು. ಮೇ ಕೊನೆಯ ವಾರ ಪಡುವಣದಲ್ಲಿ ಕಪ್ಪು ಕಟ್ಟಿದಾಗ ಅವರು ನಿಝಾಮುದ್ದೀನನಿಗೆ ಫೋನ್ ಮಾಡಿದರು. ಅವನು ಮಾತಾಡದೆ ಫೋನನ್ನು ಅಣ್ಣನ ಕೈಗೆ ಕೊಟ್ಟ.

"ಎಂತ ಶೋಧನ್, ಹುಷಾರಲ್ವಾ? ನನಗೆ ಗೊತ್ತಿತ್ತು. ಬಿಂಬುಳಿ ಒಳಗೆ ಕೆಲಸ ಮಾಡಿದ್ರಿಂದ ನೀನು ಉಳಿದದ್ದು. ಮತ್ತೆ, ಯಾವಾಗ ಬರ್ತೀರಿ? ಮಳೆ ಬಂತಲ್ಲ ಮಾರಾಯ."

"ನಾಳೆಯೇ ಬರ್ತೇವೆ ಶೆಟ್ರೇ," ಎಂದ ಅಣ್ಣ. ಕೈಯಲ್ಲಿ ಎರಡು ಲೀಟರಿನ ನೀರಿನ ಬಾಟಲಿ ಇತ್ತು. "ಒಂದು ಗ್ಲಾಸು ಬಿಂಬುಳಿ ಕುಡೀರಿ. ಪೂರ್ತಿ. ಕುಡಿಯುವುದು ಕಾಣಬೇಕು. ಆರು ಕ್ಯಾಮರಾ ಉಂಟಲ್ಲ ನಿಮ್ಮಲ್ಲಿ, ಯಾವುದರದ್ದಾದ್ರೂ ವಿಡಿಯೋ ಕಳಿಸಿ. ಬಂದ ಕೂಡಲೇ ಗಾಡಿ ತೆಗಿತೇವೆ."

ಆ ಕಡೆ ಫೋನ್ ಇಟ್ಟರು. ಅಣ್ಣ ಬಾಟಲಿ ಎತ್ತಿ ಗಟಗಟನೆ ಕುಡಿದು ಎದ್ದು ಹೋದ.

ವಿಡಿಯೋ ಬಂದಿಲ್ಲ. ಮಳೆ ಶನಿವಾರ ಬಂತು. ಶೆಟ್ಟರ ದೊಡ್ಡ ಕೋಣೆಯಲ್ಲಿ ಸೋಫಾದ ಪಕ್ಕ ಎರಡು ಬಾಲ್ದಿ, ಒಂದು ಚೆಂಬು ಇಟ್ಟಿದ್ದಾರೆಂದು ಅತ್ತ ಕೆಲಸಕ್ಕೆ ಹೋದ ತುಕ್ರಪ್ಪ ನೋಡಿಕೊಂಡು ಬಂದ. ಚೆಂಬು ಅದೇ ಎಂದು ಅವನು ಆಣೆ ಮಾಡಿ ಹೇಳುತ್ತಾನೆ. ನಾನು ನಂಬಿಲ್ಲ. ಸ್ಟೀಲಿನ ಚೆಂಬು ಎಲ್ಲರ ಮನೆಯಲ್ಲೂ ಒಂದೇ ಥರ ಇರುತ್ತದೆ.